ಮಂಡ್ಯದಿಂದ ಥಾರ್ ಮರುಭೂಮಿಗೆ: ಕೆಲವು ತಿಂಗಳ ಕೆಲಸಕ್ಕೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮಂಡ್ಯ, ಮೈಸೂರು ಕಡೆಯ ಐಟಿಐ, ಡಿಪ್ಲೊಮಾ ಹುಡುಗರಿಗೆ ಈಗ ರಾಜಸ್ಥಾನದಿಂದ ಕೆಲಸದ ಕರೆ ಬರುತ್ತಿದೆ. ಹೆಚ್ಚಿನವು ಸೋಲಾರ್ ಕೆಲಸ. ಫಲೋಡಿ ಹತ್ತಿರದ ಭಡ್ಲಾ ಸೋಲಾರ್ ಪಾರ್ಕ್ ಒಂದೇ 2,245 ಮೆಗಾವ್ಯಾಟ್, ಸುಮಾರು 14,000 ಎಕರೆ. ನಮ್ಮ ಪಾವಗಡದ 2,050 ಮೆಗಾವ್ಯಾಟ್ ಪಾರ್ಕಿನಲ್ಲಿ ಕೈಪಳಗಿದವರನ್ನು ಅಲ್ಲಿಗೂ ಕರೆಯುತ್ತಾರೆ. ನಾನು ಮದ್ದೂರು ಕಡೆಯವನು. ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿ ಫಲೋಡಿ ಸೀಮೆಯಲ್ಲಿ ಒಂಬತ್ತು ತಿಂಗಳು ಇದ್ದೆ. ಊರಿಗೆ ಬಂದಮೇಲೆ ಹುಡುಗರು ಫೋನ್ ಮಾಡಿ ಕೇಳುವುದು ಒಂದೇ ಮಾತು: "ಅಣ್ಣಾ, ಆ ಬಿಸಿಲು ತಡ್ಕೊಳ್ಳೋಕೆ ಆಗುತ್ತಾ?"

ಆ ಬಿಸಿಲನ್ನು ಅಲ್ಲಿ ಹುಟ್ಟಿ ಬೆಳೆದವರೂ ತಡೆದುಕೊಳ್ಳುವುದಿಲ್ಲ. ಅದು ಏರುವ ಹೊತ್ತಿಗೆ ನೆರಳು ಸೇರಿರುತ್ತಾರೆ. ಹೊತ್ತನ್ನೂ ನೀರನ್ನೂ ಅವರ ಲೆಕ್ಕದಲ್ಲಿ ಬಳಸಲು ಕಲಿತರೆ ಆರು ತಿಂಗಳು ಆರಾಮಾಗಿ ಕಳೆಯಬಹುದು. ಕಲಿಯದಿದ್ದರೆ ಹದಿನೈದೇ ದಿನದಲ್ಲಿ ವಾಪಸ್ ರೈಲು ಹತ್ತುತ್ತೀರಿ. ಹಾಗೆ ಬಂದವರನ್ನು ನಾನು ನೋಡಿದ್ದೇನೆ.

ಹಂತ 1: ತಿಂಗಳು ನೋಡಿ ಹೊರಡಿ

ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಸೇರಿಕೊಳ್ಳಿ. ಚಳಿಗಾಲದಲ್ಲಿ ಊರು, ಕೆಲಸ, ಜನ ಎಲ್ಲ ಪರಿಚಯ ಆಗುತ್ತದೆ. ಬಿಸಿಲು ದಿನಕ್ಕಿಷ್ಟು ಏರುವಾಗ ಮೈಯೂ ಅದರ ಜೊತೆಗೇ ಹೊಂದಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಹೊಸದಾಗಿ ಹೋಗಿ ಇಳಿಯುವುದು ತೀರಾ ಕಷ್ಟ. 2016ರ ಮೇ 19ರಂದು ಫಲೋಡಿಯಲ್ಲಿ 51 ಡಿಗ್ರಿ ದಾಖಲಾಯಿತು. ಮೈಸೂರಲ್ಲಿ 38 ಮುಟ್ಟಿದರೇ ನಾವು ಅದನ್ನೇ ಮಾತಾಡುತ್ತೇವೆ, ಅಲ್ವಾ?

ಚಳಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮರಳು ಎಷ್ಟು ಬೇಗ ಕಾಯುತ್ತದೋ ಅಷ್ಟೇ ಬೇಗ ಆರುತ್ತದೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ 5–6 ಡಿಗ್ರಿಗೆ ಇಳಿಯುವುದು ಮಾಮೂಲು. ನಮ್ಮ ಮಾರ್ಗಶಿರದ ಚಳಿ ನೆನೆಸಿಕೊಂಡು ಒಂದು ತೆಳು ಸ್ವೆಟರ್ ಒಯ್ದರೆ ಸಾಲದು.

ಹಂತ 2: ಒಪ್ಪಿಕೊಳ್ಳುವ ಮೊದಲು ಬಾಯಿಬಿಟ್ಟು ಕೇಳಿ

ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಏನೇನು ಮುರಿಯುತ್ತಾರೆ ಅಂತ ಕೇಳುವವರು ಕಡಿಮೆ. ನನ್ನನ್ನು ಕರೆದುಕೊಂಡು ಹೋದ ಗುತ್ತಿಗೆದಾರ "ಊಟ ನಮ್ಮದು" ಅಂದಿದ್ದ. ಮೊದಲ ತಿಂಗಳ ಸಂಬಳದಲ್ಲೇ ಮೆಸ್ ಖರ್ಚು ಅಂತ 4,500 ರೂಪಾಯಿ ಮುರಿದಿದ್ದ. ಬಾಯಿಮಾತು ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಇಷ್ಟನ್ನು ಬರಹದಲ್ಲಿ ತೆಗೆದುಕೊಳ್ಳಿ: ಕೋಣೆ ಬಾಡಿಗೆ ಯಾರದು, ಊಟ ಯಾರದು, ಕುಡಿಯುವ ನೀರಿನ ಕ್ಯಾನು ಯಾರದು, ಹೋಗಿ ಬರುವ ಟಿಕೆಟ್ ಯಾರದು, ವಾರದ ರಜೆ ಎಷ್ಟು, ಊರಿಗೆ ಹೋಗುವ ರಜೆ ಎಷ್ಟು ತಿಂಗಳಿಗೊಮ್ಮೆ. ನೇಮಕಾತಿ ಪತ್ರ ಕೈಗೆ ಬರಲಿ. ಕೊನೇಪಕ್ಷ ವಾಟ್ಸಾಪಿನಲ್ಲಾದರೂ ಬರೆದು ಕಳಿಸಲಿ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ. "ಮೇ, ಜೂನ್‌ನಲ್ಲಿ ಕೆಲಸದ ಟೈಮ್ ಏನು?" ಬೆಳಿಗ್ಗೆ ಐದೂವರೆಗೆ ಶುರು ಮಾಡಿ ಹನ್ನೊಂದು, ಹನ್ನೊಂದೂವರೆಗೆ ನಿಲ್ಲಿಸಿ, ಮತ್ತೆ ಸಂಜೆ ನಾಲ್ಕೂವರೆ ಮೇಲೆ ಅಂದರೆ ಆ ಕಂಪನಿಯವರಿಗೆ ಮರುಭೂಮಿ ಗೊತ್ತು. "ಒಂಬತ್ತರಿಂದ ಆರು" ಅಂದರೆ ಯೋಚನೆ ಮಾಡಿ.

ಪಿಎಫ್‌ನ ಯುಎಎನ್ ನಂಬರ್ ಹಳೆಯದಿದ್ದರೆ ಅದನ್ನೇ ಕೊಡಿ. ಇಎಸ್‌ಐ ಇದ್ದರೆ ಅದರ ಕಾರ್ಡಿನ ಫೋಟೊ ಫೋನಲ್ಲಿ ಇಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್ ಕೇಳುವ ಕಂಪನಿಗಳು ಜಾಸ್ತಿ. ಗಡಿ ಜಿಲ್ಲೆಗಳಲ್ಲಿ ಇನ್ನೂ ಜಾಸ್ತಿ. ಇಲ್ಲಿಂದಲೇ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಮುಗಿಸಿಕೊಂಡು ಹೋಗಿ. ಅಲ್ಲಿ ಕೂತು ಮಾಡಿಸುವುದು ತಲೆನೋವು.

ಹಂತ 3: ಬ್ಯಾಗಿನಲ್ಲಿ ಏನಿರಬೇಕು

ಬಟ್ಟೆ ಹತ್ತಿಯದು, ತುಂಬುತೋಳಿನದು, ಸಡಿಲವಾದದ್ದು, ತಿಳಿ ಬಣ್ಣದ್ದು. ಟೀಶರ್ಟ್, ಬರ್ಮುಡಾ ರೂಮಿಗೆ ಸಾಕು. ಬಿಸಿಲು ಜಾಸ್ತಿ ಅಂತ ನಾವು ಬಟ್ಟೆ ಕಡಿಮೆ ಮಾಡುತ್ತೇವೆ, ಅವರು ಮೈತುಂಬ ಮುಚ್ಚುತ್ತಾರೆ. ಅವರದ್ದೇ ಸರಿ. ಎರಡು ದೊಡ್ಡ ಹತ್ತಿ ಟವೆಲ್ ಇರಲಿ, ತಲೆಗೂ ಮುಖಕ್ಕೂ ಸುತ್ತಿಕೊಳ್ಳಲು. ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಕನ್ನಡಕ ಬೇಕು, ಮರಳು ಪಕ್ಕದಿಂದಲೇ ನುಗ್ಗುತ್ತದೆ. ಚಳಿಗೆ ಉಲ್ಲನ್ ಟೋಪಿ, ಥರ್ಮಲ್ ಒಳಬಟ್ಟೆ, ದಪ್ಪ ಜಾಕೆಟ್.

ವ್ಯಾಸಲೀನ್ ಮರೆಯಬೇಡಿ. ಒಣಗಾಳಿಗೆ ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಕೆಲವರಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ರಾತ್ರಿ ಮೂಗಿನ ಒಳಗಂಚಿಗೆ ಸ್ವಲ್ಪ ಸವರಿಕೊಂಡರೆ ನಿಲ್ಲುತ್ತದೆ. ಓಆರ್‌ಎಸ್ ಪೊಟ್ಟಣ ಇಪ್ಪತ್ತಾದರೂ ಇರಲಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರ ಹತ್ತಿರ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಹೇಳಿ. ಆ ಶಾಖದಲ್ಲಿ ಡೋಸ್ ಬದಲಿಸಬೇಕಾಗಬಹುದು.

ಅಡುಗೆ ಸಾಮಾನಿನ ವಿಷಯ ಊಟದ ಹಂತದಲ್ಲಿ ಹೇಳುತ್ತೇನೆ.

ಹಂತ 4: ದಾರಿ

ಬೆಂಗಳೂರಿನಿಂದ ಜೋಧಪುರಕ್ಕೆ ನೇರ ರೈಲು ಇದೆ. ಮೈಸೂರಿನಿಂದ ಅಜ್ಮೀರ್ ಎಕ್ಸ್‌ಪ್ರೆಸ್ ಹಿಡಿದು, ಅಜ್ಮೀರ್‌ನಲ್ಲಿ ಇಳಿದು ಜೋಧಪುರಕ್ಕೆ ಹೋಗುವುದೂ ಆಗುತ್ತದೆ. ಇವು ದಿನಾ ಓಡುವುದಿಲ್ಲ, ವಾರ ನೋಡಿ ಬುಕ್ ಮಾಡಿ. ಎರಡು ರಾತ್ರಿ ರೈಲಲ್ಲೇ ಕಳೆಯುತ್ತದೆ. ಜೋಧಪುರದಿಂದ ಫಲೋಡಿಗೆ, ಪೋಖ್ರಾನ್‌ಗೆ, ಜೈಸಲ್ಮೇರ್‌ಗೆ ಬಸ್ಸು, ರೈಲು ಎರಡೂ ಇವೆ. ಫಲೋಡಿಯಿಂದ ಸೈಟಿಗೆ ಕಂಪನಿ ಗಾಡಿ ಬರುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ರಾತ್ರಿ ತಲುಪುವ ಹಾಗೆ ಹೊರಡಬೇಡಿ. ಜೋಧಪುರದಲ್ಲೇ ಒಂದು ರಾತ್ರಿ ಮಲಗಿ ಬೆಳಿಗ್ಗೆ ಹೋಗಿ.

ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರಲಿ. ಊರಲ್ಲಿ ಎರಡೂ ಸಿಗುತ್ತವೆ, ಸೈಟಲ್ಲಿ ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ. ಮ್ಯಾಪನ್ನು ನೆಟ್ ಇಲ್ಲದೆ ನೋಡುವ ಹಾಗೆ ಇಳಿಸಿಕೊಳ್ಳಿ.

ಹಂತ 5: ಮೊದಲ ಹದಿನೈದು ದಿನ

ಬೇರೇನು ಮರೆತರೂ ಇದನ್ನು ಮರೆಯಬೇಡಿ.

ನಾನು ಸೇರಿದ್ದು ಏಪ್ರಿಲ್ ಮೊದಲ ವಾರ. ಮೂರನೇ ದಿನ ಮಧ್ಯಾಹ್ನ ಎರಡು ಗಂಟೆಗೂ ಕೇಬಲ್ ಟ್ರೆಂಚ್ ಹತ್ತಿರ ನಿಂತಿದ್ದೆ. ಗದ್ದೆಯಲ್ಲಿ ಬೆಳೆದ ಮೈ, ಏನಾಗುತ್ತೆ ಅನ್ನೋ ಧೈರ್ಯ. ನನ್ನನ್ನು ಮೋಸ ಮಾಡಿದ್ದು ಬೆವರು. ಮಂಡ್ಯದಲ್ಲಿ ಬಿಸಿಲಲ್ಲಿ ದುಡಿದರೆ ಅಂಗಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಆಗ ನೀರು ಕುಡಿಯಬೇಕು ಅಂತ ಗೊತ್ತಾಗುತ್ತದೆ. ಅಲ್ಲಿ ಅಂಗಿ ಒಣಗಿದ್ದಂತೆಯೇ ಇತ್ತು. ಗಾಳಿ ಅಷ್ಟು ಒಣ, ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಬೆನ್ನು ಮುಟ್ಟಿ ನೋಡಿಕೊಂಡಾಗ ಉಪ್ಪು ಬಿಳಿ ಬಿಳಿ ಪುಡಿಯಾಗಿ ಕೈಗೆ ಬಂತು. ಅಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಮೀನಖಂಡ ಹಿಡಿದುಕೊಂಡಿತ್ತು. ಸೈಟಿನ ಕಾವಲುಗಾರ, ಅರವತ್ತು ದಾಟಿದ ಬಾಬಾ, ಕೈಹಿಡಿದು ನೆರಳಿಗೆ ಎಳೆದುಕೊಂಡು ಹೋದ. ತನ್ನ ತಲೆಯ ಸಾಫಾ ಬಿಚ್ಚಿ, ನೀರಲ್ಲಿ ಅದ್ದಿ ನನ್ನ ಕತ್ತಿಗೆ ಸುತ್ತಿದ. ಉಪ್ಪು ಹಾಕಿದ ಮಜ್ಜಿಗೆಯನ್ನು ಒಂದೇ ಸಲ ಕೊಡದೆ, ಗುಟುಕು ಗುಟುಕಾಗಿ ಅರ್ಧ ಗಂಟೆ ಕುಡಿಸಿದ. "ಬೇಟಾ, ಇಲ್ಲಿ ಬಾಯಾರೋ ತನಕ ಕಾಯಬಾರದು" ಅಂದ.

ನಮ್ಮ ಮೈ ಇಂಥ ಶಾಖಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ ಒಂದು ಸರಳ ನಿಯಮ ಇದೆ. ಮೊದಲ ದಿನ ಮಾಮೂಲಿ ಬಿಸಿಲ ಕೆಲಸದ ಶೇ. 20 ಮಾತ್ರ, ಆಮೇಲೆ ದಿನಕ್ಕೆ ಶೇ. 20ರಷ್ಟು ಏರಿಸುತ್ತಾ ಹೋಗಬೇಕು. ಎಂಟು ಗಂಟೆ ಕೆಲಸ ಅಂದರೆ ಮೊದಲ ದಿನ ಬಿಸಿಲಲ್ಲಿ ಒಂದೂವರೆ ಗಂಟೆ ಅಷ್ಟೇ, ಉಳಿದದ್ದು ನೆರಳಿನ ಕೆಲಸ. ಸೂಪರ್‌ವೈಸರ್‌ಗೆ ಇದನ್ನು ಸಂಕೋಚ ಇಲ್ಲದೆ ಹೇಳಿ. ರಜೆಗೆ ಊರಿಗೆ ಬಂದು ಎರಡು ವಾರ ಇದ್ದು ಹೋದರೂ ಮೈ ಒಗ್ಗಿದ್ದನ್ನು ಬಹುಪಾಲು ಮರೆತಿರುತ್ತದೆ. ಆಗಲೂ ಮೊದಲ ಕೆಲವು ದಿನ ನಿಧಾನ ಮಾಡಿ.

ಎರಡು ಸ್ಥಿತಿಗಳ ವ್ಯತ್ಯಾಸ ತಿಳಿದಿರಲಿ. ತಲೆನೋವು, ಸುಸ್ತು, ವಾಕರಿಕೆ, ಸ್ನಾಯು ಹಿಡಿತ ಇದ್ದು ಪ್ರಜ್ಞೆ ಸರಿಯಾಗಿದ್ದರೆ ನೆರಳು, ಒದ್ದೆ ಬಟ್ಟೆ, ಓಆರ್‌ಎಸ್ ಕೊಟ್ಟು ಬಿಡದೆ ನೋಡಿಕೊಳ್ಳಿ. ಮಾತು ತೊದಲಿದರೆ, ಏನೇನೋ ಮಾತಾಡಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಮೈ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ಇದ್ದರೂ ಇಲ್ಲದಿದ್ದರೂ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿಸಿ. ಗಾಡಿ ಬರುವ ತನಕ ಮೈಮೇಲೆ ನೀರು ಸುರಿಯುತ್ತಲೇ, ಗಾಳಿ ಬೀಸುತ್ತಲೇ ಇರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಸೈಟಿನಿಂದ ಆಸ್ಪತ್ರೆ ದೂರ. ಆ ಮೊದಲ ಹತ್ತು ನಿಮಿಷದಲ್ಲಿ ಜೊತೆಗಿದ್ದವರು ಮಾಡಿದ್ದೇ ಜೀವ ಉಳಿಸುತ್ತದೆ.

ಹಂತ 6: ನೀರಿನ ಲೆಕ್ಕ

ನಾವು ವಿ.ಸಿ. ನಾಲೆ ಪಕ್ಕ ಬೆಳೆದವರು. ಕೆಆರ್‌ಎಸ್ 124.80 ಅಡಿ ತುಂಬಿದರೆ ಹಬ್ಬ, ಇಳಿದರೆ ಚಳವಳಿ. ಆದರೂ ಬಕೆಟ್ಟಿನ ಲೆಕ್ಕದಲ್ಲಿ ನೀರು ಬಳಸಿ ಗೊತ್ತಿಲ್ಲ. ನಮ್ಮಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಹತ್ತಿರ ಮಳೆ. ಜೈಸಲ್ಮೇರ್‌ನಲ್ಲಿ 200 ಆದರೆ ಒಳ್ಳೇ ವರ್ಷ. ಪಂಜಾಬಿನ ಹರಿಕೆಯಿಂದ ಹೊರಟು ಇಂದಿರಾ ಗಾಂಧಿ ಕಾಲುವೆ ಸುಮಾರು 650 ಕಿಲೋಮೀಟರ್ ಹರಿದು ಜೈಸಲ್ಮೇರ್ ತನಕ ನೀರು ತರುತ್ತದೆ. ನಿಮ್ಮ ಕ್ಯಾಂಪಿಗೆ ಮಾತ್ರ ಟ್ಯಾಂಕರ್ ಬಂದರೆ ನೀರು, ಬಾರದಿದ್ದರೆ ಇಲ್ಲ.

ಬೋರ್ ನೀರನ್ನು ಹಾಗೇ ಕುಡಿಯಬೇಡಿ. ಪಶ್ಚಿಮ ರಾಜಸ್ಥಾನದ ಅಂತರ್ಜಲದಲ್ಲಿ ಬಹಳ ಕಡೆ ಉಪ್ಪು, ಫ್ಲೋರೈಡ್ ಜಾಸ್ತಿ. ಕುಡಿಯಲು ಆರ್‌ಒ ಕ್ಯಾನು. ಸ್ನಾನಕ್ಕೆ ಬರುವ ನೀರಲ್ಲೂ ಸೋಪು ನೊರೆ ಬಿಡುವುದಿಲ್ಲ, ಕೂದಲು ಅಂಟಂಟು. ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸುವುದು ಕಲಿಯಿರಿ. ಟ್ಯಾಂಕರ್ ತಪ್ಪಿದ ದಿನಕ್ಕೆ ಅಂತ 20 ಲೀಟರ್ ಕ್ಯಾನೊಂದು ರೂಮಲ್ಲಿ ಯಾವಾಗಲೂ ತುಂಬಿರಲಿ.

ಕುಡಿಯುವ ಅಳತೆ ಹೀಗೆ. ಬಿಸಿಲಲ್ಲಿ ದುಡಿಯುವಾಗ 15–20 ನಿಮಿಷಕ್ಕೆ ಒಂದು ಲೋಟ. ಗಂಟೆಗೆ ಒಂದೂವರೆ ಲೀಟರ್ ಮೀರಬೇಡಿ, ಬರೀ ನೀರು ಅತಿಯಾದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೇ ಒಂದು ಅಪಾಯ. ಮೇ ತಿಂಗಳಲ್ಲಿ ನನಗೆ ದಿನಕ್ಕೆ 7–8 ಲೀಟರ್ ಬೇಕಾಗುತ್ತಿತ್ತು. ಸಾಕಾಯಿತಾ ಅಂತ ಮೂತ್ರದ ಬಣ್ಣ ಹೇಳುತ್ತದೆ: ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಸಾಲದು. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಉಪ್ಪು ಕೈ ಮೀರದಿರಲಿ.

ನೀರು ತಣ್ಣಗಿಡಲು ಫ್ರಿಜ್ ಬೇಡ. ಬಾಟಲಿಗೆ ಹತ್ತಿಯ ಕಾಲುಚೀಲ ತೊಡಿಸಿ, ಅದನ್ನು ಒದ್ದೆ ಮಾಡಿ ನೆರಳಲ್ಲಿ ಗಾಳಿ ಬೀಸುವ ಕಡೆ ತೂಗುಹಾಕಿ. ಅರ್ಧ ಗಂಟೆಯಲ್ಲಿ ನೀರು ಮಡಕೆಯ ನೀರಿನಂತೆ ತಂಪಾಗುತ್ತದೆ. ಮೈಸೂರಿನ ಮಳೆಗಾಲದಲ್ಲಿ ಮಾಡಿ ನೋಡಿದರೆ ಇಷ್ಟು ಆಗಲ್ಲ, ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ.

ಹಂತ 7: ಕೋಣೆ

ಕೂಲರ್ ಕೆಲಸ ಮಾಡುವುದೂ ಆ ಒದ್ದೆ ಕಾಲುಚೀಲದ ರೀತಿಯಲ್ಲೇ. ಅಲ್ಲಿ ಬಾಡಿಗೆಗೂ ಸಿಗುತ್ತದೆ. ಕಿಟಕಿಗೆ ಕೂಲರ್ ಇಟ್ಟು ಬಾಗಿಲು ಭದ್ರವಾಗಿ ಮುಚ್ಚಿಕೊಂಡರೆ ರೂಮು ಬೆವರಿದ ಹಾಗಾಗುತ್ತದೆ. ಎದುರು ಕಿಟಕಿ ನಾಲ್ಕು ಬೆರಳಷ್ಟು ತೆರೆದಿರಲಿ, ಒಳಬಂದ ಗಾಳಿಗೆ ಹೊರಹೋಗಲು ದಾರಿ ಬೇಕು. ಜುಲೈ, ಆಗಸ್ಟ್‌ನಲ್ಲಿ ತೇವ ಏರಿದಾಗ ಕೂಲರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅದರಲ್ಲೇ ಹುಟ್ಟುತ್ತದೆ.

ಆಂಧಿ, ಅಂದರೆ ಮರಳಿನ ಬಿರುಗಾಳಿ, ಬರುವ ಮೊದಲು ದಿಗಂತದಲ್ಲಿ ಕಂದು ಗೋಡೆ ಎದ್ದ ಹಾಗೆ ಕಾಣುತ್ತದೆ. ಕಂಡ ಕೂಡಲೇ ಒಳಗೆ ಹೋಗಿ. ಗಾಡಿಯಲ್ಲಿದ್ದರೆ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಬಾಗಿಲ ಕೆಳಗೆ ಒದ್ದೆ ಗೋಣಿಚೀಲ ಒತ್ತಿ. ಆದರೂ ಬೆಳಿಗ್ಗೆ ದಿಂಬಿನ ಮೇಲೆ ತಲೆ ಇಟ್ಟ ಜಾಗ ಬಿಟ್ಟು ಸುತ್ತಲೂ ಮರಳು ಕೂತಿರುತ್ತದೆ.

ಬೂಟು ಹಾಕಿಕೊಳ್ಳುವ ಮೊದಲು ಪ್ರತಿದಿನ ತಲೆಕೆಳಗೆ ಮಾಡಿ ಕೊಡವಿ, ಚೇಳು ಸೇರಿರುತ್ತದೆ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ. ಉರಿಮಂಡಲ ಹಾವು ಮರಳಿನ ಬಣ್ಣದ್ದೇ, ಕಾಣುವುದಿಲ್ಲ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಭಾಗ ಅಲುಗಾಡಿಸದೆ ಆಸ್ಪತ್ರೆಗೆ ಓಡಿ.

ಹಂತ 8: ಊಟ

ಐದು ಕೆಜಿ ರಾಗಿಹಿಟ್ಟು ಒಯ್ಯಿರಿ. ಅಲ್ಲಿನ ಸಣ್ಣ ಪೇಟೆಗಳಲ್ಲಿ ರಾಗಿ ಸಿಗುವುದು ಕಷ್ಟ. ಜೊತೆಗೆ ಸಾರಿನ ಪುಡಿ, ಹುಣಸೆಹಣ್ಣು, ಹುರುಳಿಕಾಳು, ಒಣಗಿಸಿದ ಕರಿಬೇವು, ಮುದ್ದೆ ಕೋಲು. ರೂಮಲ್ಲಿ ಇಂಡಕ್ಷನ್ ಒಲೆ ಬಿಡುತ್ತಾರಾ ಅಂತ ಕೇಳಿಕೊಂಡು ಒಯ್ಯಿರಿ. ಭಾನುವಾರ ಒಂದು ಹೊತ್ತು ಮುದ್ದೆ, ಉಪ್ಪುಸಾರು ಉಂಡರೆ ವಾರ ಪೂರ್ತಿ ಮನಸ್ಸು ಗಟ್ಟಿಯಾಗಿರುತ್ತದೆ. ನಮ್ಮ ಪಕ್ಕದ ರೂಮಿನ ಕೆ.ಆರ್. ಪೇಟೆ ಹುಡುಗ ಮುದ್ದೆ ತೊಳಸುವ ವಾಸನೆ ಹಿಡಿದುಕೊಂಡೇ ಬಂದು ಪರಿಚಯವಾದವನು.

ಉಳಿದ ದಿನ ಅಲ್ಲಿಯ ಊಟವನ್ನೇ ರೂಢಿ ಮಾಡಿಕೊಳ್ಳಿ. ಸಜ್ಜೆ ರೊಟ್ಟಿ, ಕಢಿ, ಗಟ್ಟೆ, ಲೋಟಗಟ್ಟಲೆ ಮಜ್ಜಿಗೆ. ಬೇಸಿಗೆಯಲ್ಲಿ ರಾಬ್ ಅಂತ ಮಾಡುತ್ತಾರೆ, ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಬೇಯಿಸಿದ್ದು. ಮೊದಲ ಸಲ ಕುಡಿದಾಗ ನಮ್ಮ ಅಂಬಲಿಯ ನೆಂಟ ಸಿಕ್ಕ ಹಾಗಾಯಿತು. ತರಕಾರಿ ಇಲ್ಲದ ಸೀಮೆಯಲ್ಲಿ ಅವರು ಒಣಗಿಸಿಟ್ಟ ಕೇರ್–ಸಾಂಗ್ರಿ ಪಲ್ಯ ಮಾಡುತ್ತಾರೆ. ಸಾಂಗ್ರಿ ಅಂದರೆ ಖೇಜ್ರಿ ಮರದ ಕಾಯಿ. ಖೇಜ್ರಿ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ. ಜಂಬೂಸವಾರಿ ಹೋಗಿ ಮುಟ್ಟುವ ಬನ್ನಿಮಂಟಪಕ್ಕೆ ಹೆಸರು ಕೊಟ್ಟ ಮರವೇ ಅಲ್ಲಿ ಜನಕ್ಕೆ, ಆಡಿಗೆ, ಒಂಟೆಗೆ ಅನ್ನ, ನೆರಳು.

ಹಂತ 9: ಕೆಲಸದ ಜಾಗ

ಸೋಲಾರ್‌ಗೆ ಹೋಗುವವರಿಗೆ ಮಾತ್ರ ಎರಡು ಮಾತು. ಬೆಳಕು ಇರುವ ತನಕ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಸ್ಟ್ರಿಂಗ್‌ಗಳು, ಅಂದರೆ ಒಂದಕ್ಕೊಂದು ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳು, 1,500 ವೋಲ್ಟ್ ಡಿಸಿ ತನಕ ಹೋಗುತ್ತವೆ. ಲೋಡ್ ಇರುವಾಗ, ಅಂದರೆ ಕರೆಂಟ್ ಹರಿಯುವಾಗ, ಕನೆಕ್ಟರ್ ಎಳೆಯಬೇಡಿ, ಡಿಸಿ ಆರ್ಕ್ (ಉರಿಯುವ ಕಿಡಿ) ಹೊತ್ತಿದರೆ ಎಸಿಯಂತೆ ತಾನಾಗಿ ಆರುವುದಿಲ್ಲ. ಬಿಸಿಲಲ್ಲಿಟ್ಟ ಸ್ಪ್ಯಾನರ್ ಬರಿಗೈಯಲ್ಲಿ ಮುಟ್ಟಿದರೆ ಬೊಬ್ಬೆ ಬರುತ್ತದೆ, ಉಪಕರಣದ ಪೆಟ್ಟಿಗೆಯನ್ನು ಪ್ಯಾನೆಲ್ ನೆರಳಲ್ಲೇ ಇಡಿ. ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಅಂತ ಮನೆಯವರು ಕೇಳುತ್ತಾರೆ. ಬೆಳಕು ಹೆಚ್ಚಿದರೆ ಹೌದು. ಶಾಖ ಹೆಚ್ಚಿದರೆ ಇಲ್ಲ. ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.3–0.4ರಷ್ಟು ಉತ್ಪಾದನೆ ಇಳಿಯುತ್ತದೆ.

ಹಂತ 10: ಜನ, ಮಾತು, ರಜೆ ದಿನ

ಹೊರಡುವ ಒಂದು ತಿಂಗಳ ಮುಂಚೆ ನಿಮ್ಮೂರಿನ ಮಾರ್ವಾಡಿ ಅಂಗಡಿಗೆ ಹೋಗಿ ಮಾತಾಡಿ. ನಾನು ಮಂಡ್ಯದ ಪೇಟೆಬೀದಿಯ ಒಂದು ಅಂಗಡಿಯಲ್ಲಿ ಕಲಿತೆ. "ನೀವು ಮೂವತ್ತು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಹೆಂಗಿತ್ತು ಸೇಟು?" ಅಂದೆ. "ಮೊದಲು 'ಊಟ ಆಯ್ತಾ' ಅನ್ನೋದು ಕಲಿತೆ ಅಣ್ಣ, ಆಮೇಲೆ ಎಲ್ಲಾ ತಾನೇ ಬಂತು" ಅಂದರು. ಅಲ್ಲಿ ಅದರ ಜಾಗಕ್ಕೆ "ರಾಮ್ ರಾಮ್ ಸಾ" ಅಥವಾ "ಖಮ್ಮಾ ಘಣಿ". ಹೆಸರಿನ ಕೊನೆಗೆ "ಸಾ" ಸೇರಿಸಿದರೆ ನಮ್ಮ "ಅವರೇ" ಇದ್ದ ಹಾಗೆ. ಹಿಂದಿ ಒಂದಿಷ್ಟು ಬಂದರೆ ಕೆಲಸ ನಡೆಯುತ್ತದೆ.

ಹೊತ್ತಿನ ವ್ಯತ್ಯಾಸ ಮನೆಯವರಿಗೂ ಹೇಳಿಡಿ. ಜೂನ್‌ನಲ್ಲಿ ಒಂದು ದಿನ ಏಳೂವರೆಗೆ ವಿಡಿಯೊ ಕಾಲ್ ಮಾಡಿದೆ. "ಇನ್ನೂ ಬಿಸಿಲು ಐತಲ್ಲ ಮಗಾ, ಇಲ್ಲಿ ದೀಪ ಹಚ್ಚಿ ಎಷ್ಟೊತ್ತಾಯ್ತು!" ಅಂದರು ಅಮ್ಮ. ಫಲೋಡಿ ನಮಗಿಂತ ಪಶ್ಚಿಮಕ್ಕೂ ಉತ್ತರಕ್ಕೂ ಇರುವುದರಿಂದ ಬೇಸಿಗೆಯಲ್ಲಿ ಸಂಜೆ ಉದ್ದ. ಚಳಿಗಾಲದಲ್ಲಿ ಏಳು ಗಂಟೆ ಆದರೂ ಬೆಳಕು ಹರಿಯುವುದಿಲ್ಲ. ದಿನಾ ಒಂದೇ ಹೊತ್ತಿಗೆ ಮನೆಗೆ ಫೋನ್ ಮಾಡಿ. ಎರಡನೇ ತಿಂಗಳಲ್ಲಿ ಬೇಸರ ಬರುತ್ತದೆ, ಎಲ್ಲರಿಗೂ ಬರುತ್ತದೆ. ಆಗ ರೂಮಲ್ಲಿ ಸುಮ್ನೆ ಮಲಗಬೇಡಿ.

ಚಳಿಗಾಲದಲ್ಲಿ ಫಲೋಡಿ ಪಕ್ಕದ ಖೀಚನ್‌ಗೆ ಹೋಗಿ. ದೂರದ ಮಂಗೋಲಿಯಾ ಕಡೆಯಿಂದ ಕುರ್ಜಾ ಅನ್ನುವ ಕ್ರೌಂಚ ಪಕ್ಷಿಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಊರಿನವರೇ ದಿನಾ ಕಾಳು ಚೆಲ್ಲುತ್ತಾರೆ. ನಮ್ಮ ಕೊಕ್ಕರೆ ಬೆಳ್ಳೂರಿನ ಜನ ಹಕ್ಕಿಗಳನ್ನು ಮನೆಮಗಳಂತೆ ನೋಡಿಕೊಳ್ಳುವುದನ್ನು ಕಂಡವರಿಗೆ ಅಲ್ಲಿ ಕಣ್ಣು ತುಂಬುತ್ತದೆ. ಜೈಸಲ್ಮೇರ್ ಕೋಟೆಗೆ ಒಂದು ಭಾನುವಾರ ಇಡಿ. 1156ರಲ್ಲಿ ಕಟ್ಟಿದ ಆ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡುತ್ತಿದ್ದಾರೆ. ಪಾಕಿಸ್ತಾನ ಗಡಿ ಹತ್ತಿರದ ತನೋಟ್‌ನಿಂದ ಮುಂದೆ ಗಡಿ ಕಂಬದ ಕಡೆ ಹೋಗಲು ಬಿಎಸ್‌ಎಫ್ ಅನುಮತಿ ಬೇಕು. ಸೇನೆಯ ಗಾಡಿ, ಕಟ್ಟಡಗಳ ಫೋಟೊ ತೆಗೆಯಬೇಡಿ.

ಹಂತ 11: ವಾಪಸ್ ಹೊರಡುವಾಗ

ಕೊನೆಯ ಸಂಬಳ, ಅನುಭವ ಪತ್ರ ಎರಡೂ ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಿ. ಊರಿಗೆ ಬಂದಮೇಲೆ ಫೋನಲ್ಲಿ ಕೇಳುತ್ತಾ ಕೂತರೆ ತಿಂಗಳುಗಟ್ಟಲೆ ಎಳೆಯುತ್ತದೆ. ಪಿಎಫ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳ ಕಂತು ಬಿದ್ದಿದೆಯಾ ಅಂತ ಅಲ್ಲಿದ್ದಾಗಲೇ ನೋಡಿಕೊಳ್ಳಿ. ಕೂಲರ್, ಬಕೆಟ್, ಮಡಕೆಯನ್ನು ಮುಂದೆ ಬರುವ ಹುಡುಗನಿಗೆ ಬಿಟ್ಟುಬನ್ನಿ.

ಜೋಧಪುರದಲ್ಲಿ ಒಣ ಸಾಂಗ್ರಿ ಸಿಗುತ್ತದೆ. ಬೆಲೆ ಜಾಸ್ತಿ, ಕಾಲು ಕೆಜಿ ಸಾಕು. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಬೇಯಿಸಿ ಒಗ್ಗರಣೆ ಹಾಕಬೇಕು. ನಾನು ತಂದದ್ದನ್ನು ಅಮ್ಮ ವಿಜಯದಶಮಿ ತನಕ ಎತ್ತಿಟ್ಟಿದ್ದರು. ಸಂಜೆ ಬನ್ನಿ ಎಲೆ ಕೊಟ್ಟು, ತಟ್ಟೆಗೆ ಮುದ್ದೆಯ ಪಕ್ಕ ಅದೇ ಮರದ ಕಾಯಿ ಪಲ್ಯ ಬಡಿಸಿದರು.